ಏರುವ ಗಾಳಿ, ಇಳಿಯುವ ಗಾಳಿ: ಪುಣೆಯ ಹವೆಯನ್ನು ಕುರಿತು

ಬಿಸಿಗಾಳಿ ಮೇಲೇರುತ್ತದೆ ಎಂಬುದು ಶಾಲೆಯ ಪಠ್ಯದಿಂದಲೇ ಪರಿಚಿತವಾದ ಮಾತು. ಈ ಒಂದೇ ಮಾತಿನಿಂದ ಮಳೆಯನ್ನು ವಿವರಿಸಹೊರಟರೆ ತೊಡಕು ಎದುರಾಗುತ್ತದೆ. ಪುಣೆಯಲ್ಲಿ ನೆಲ ಅತಿಯಾಗಿ ಕಾಯುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ. ಮಳೆ ಬಲಿಯುವುದು ಜೂನ್ ನಡುವಿನ ಬಳಿಕ, ನೆಲದ ಕಾವು ಇಳಿದ ಮೇಲೆ. ಕಾವೊಂದೇ ಕಾರಣವಾಗಿದ್ದರೆ ಈ ವಿಪರ್ಯಾಸ ಏಕೆ?

ಕಾದ ನೆಲಕ್ಕೆ ತಾಗಿದ ಗಾಳಿ ಹಿಗ್ಗಿ ಹಗುರಾಗುತ್ತದೆ. ಸುತ್ತಲಿನ ಭಾರವಾದ ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ. ಮೇಲೇರಿದಂತೆ ಒತ್ತಡ ಕುಗ್ಗುವುದರಿಂದ ಅದು ಮತ್ತೆ ಹಿಗ್ಗಿ, ಒಂದು ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಒಣಗಾಳಿಯಾದರೆ ಬೇಗನೆ ಸುತ್ತಲಿನಷ್ಟೇ ತಣಿದು ಅಲ್ಲಿಯೇ ನಿಲ್ಲುತ್ತದೆ. ಮಾರ್ಚ್ ತಿಂಗಳ ನಡುಹಗಲಿನಲ್ಲಿ ಬಯಲುಗಳಲ್ಲಿ ಧೂಳಿನ ಸುಂಟರಗಾಳಿ ಎದ್ದರೂ ಮೋಡ ಕಟ್ಟದಿರುವುದಕ್ಕೆ ಇದೇ ಕಾರಣ. ತೇವವಿದ್ದರೆ ಕಥೆ ಬೇರೆ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 600 ಕ್ಯಾಲೊರಿ ಶಾಖ ಬಿಡುಗಡೆಯಾಗುತ್ತದೆ. ಆ ಶಾಖದ ಬಲದಿಂದ ಗಾಳಿ ಸುತ್ತಲಿಗಿಂತ ಬೆಚ್ಚಗೆ ಉಳಿದು ಇನ್ನೂ ಎತ್ತರಕ್ಕೆ ಏರುತ್ತದೆ. ಕಾವು ಕಿಡಿ ಹೊತ್ತಿಸಿದರೆ, ತೇವವೇ ಉರುವಲು.

ಕೊಂಕಣದ ಕಡೆಯಿಂದ ತೇವ ನುಸುಳಿದ ಮೇ ತಿಂಗಳ ಅಪರಾಹ್ಣಗಳಲ್ಲಿ ಪುಣೆಯ ಮೇಲೆ ಗುಡುಗುಮೋಡಗಳು ಗೋಪುರದಂತೆ ಬೆಳೆಯುತ್ತವೆ. ಮರಾಠಿಯ ವಳೀವ, ಕನ್ನಡ ರೈತನ ಕೃತ್ತಿಕಾ ಮಳೆ ಇಂತಹವು. ಹನಿ ಬೀಳುವ ಮೊದಲೇ ಬೀಸುವ ತಣ್ಣನೆಯ ಧೂಳುಗಾಳಿ, ಮೋಡದೊಳಗೆ ಮಳೆಯಿಂದ ತಣಿದು ಕೆಳಗೆ ಕುಸಿದು ನೆಲದ ಮೇಲೆ ಹರಡಿದ ಗಾಳಿಯೇ.

ಮುಂಗಾರಿನ ವ್ಯಾಪ್ತಿ ಇದಕ್ಕಿಂತ ಬಹಳ ದೊಡ್ಡದು. ನೆಲ-ಕಡಲುಗಳ ಕಾವಿನ ಅಂತರವೇ ಅದರ ಮೂಲವೆಂದು ಎಡ್ಮಂಡ್ ಹ್ಯಾಲಿ 1686ರಲ್ಲಿ ಪ್ರತಿಪಾದಿಸಿದನು. ಭೂಭ್ರಮಣದಿಂದ ಗಾಳಿ ತಿರುಗುವುದನ್ನೂ, ಏರುಗಾಳಿಯ ಪಟ್ಟಿಯೊಂದು ಬೇಸಗೆಯಲ್ಲಿ ಉತ್ತರಕ್ಕೆ ಸರಿಯುವುದನ್ನೂ ಸೇರಿಸದೆ ಆ ವಿವರಣೆ ಪೂರ್ಣವಾಗದು. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರಕಚೇರಿ ಶಿಮ್ಲಾದಿಂದ ಪುಣೆಗೆ ಬಂದಿತು. 1962ರಲ್ಲಿ ಉಷ್ಣವಲಯ ಪವನಶಾಸ್ತ್ರದ ಸಂಸ್ಥೆಯೂ ಇಲ್ಲಿಯೇ ಸ್ಥಾಪಿತವಾಯಿತು. ಆದರೂ ಕೆಲವೇ ಕಿಲೋಮೀಟರು ಅಗಲದ ಗುಡುಗುಮೋಡ ಊರಿನ ಯಾವ ಭಾಗದ ಮೇಲೆ ಸುರಿದೀತೆಂದು ಒಂದು ದಿನ ಮೊದಲೇ ಹೇಳುವುದು ಇಂದಿಗೂ ಕಷ್ಟ.

ಸಹ್ಯಾದ್ರಿಯಲ್ಲಿ ಗಾಳಿಯನ್ನು ಏರಿಸಲು ನೆಲದ ಕಾವು ಬೇಕಿಲ್ಲ. ಬೆಟ್ಟದ ಗೋಡೆಯೇ ಅದನ್ನು ಎತ್ತುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 500 ಸೆಂ.ಮೀ.ಗೂ ಮಿಕ್ಕಿ ಮಳೆ. ನೇರ ದೂರದಲ್ಲಿ ನೂರು ಕಿಲೋಮೀಟರೂ ಆಗದ ಪುಣೆಯಲ್ಲಿ ಸುಮಾರು 70 ಸೆಂ.ಮೀ. ಆಗುಂಬೆ ನೆನೆಯುತ್ತಿರುವಾಗ ಚಳ್ಳಕೆರೆ ಮುಗಿಲು ನೋಡುವುದೂ ಇದೇ ನ್ಯಾಯದಿಂದ. ಇಂತಹ ಸೀಮೆಗೆ ಕನ್ನಡದಲ್ಲಿ 'ಮಳೆನೆರಳು' ಎಂಬ ಪದ ಬಳಕೆಗೆ ಬಂದಿದೆ. ಪದ ಸೊಗಸಾಗಿದೆ, ಆದರೆ ಅರೆನಿಜ. ನೆರಳು ಎಂದೊಡನೆ ತಂಪು ನೆನಪಾಗುತ್ತದೆ. ಇಲ್ಲಿ ಬೆಟ್ಟವಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ, ಕಾದು ಮೋಡವನ್ನು ಕರಗಿಸುತ್ತದೆ. 'ಮುಂಗಾರು' ಪದ ಇದಕ್ಕಿಂತ ಎಚ್ಚರದ್ದು: 'ಕಾರ್' ಎಂದರೆ ಕಪ್ಪು, ಮುಗಿಲು, ಮಳೆಗಾಲ. ಜನ ಆ ಋತುವನ್ನು ಗುರುತಿಸಿದ್ದು ಕಾವಿನಿಂದಲ್ಲ, ಮೋಡದಿಂದ.

ಡಿಸೆಂಬರಿನಲ್ಲಿ ಎಲ್ಲವೂ ತಿರುವುಮುರುವು. ಇರುಳು ನೆಲ ತಣಿದು, ಅದಕ್ಕೆ ತಾಗಿದ ಭಾರದ ಗಾಳಿ ಮುಳಾ-ಮುಠಾ ನದಿಗಳ ತಗ್ಗಿನಲ್ಲಿ ಮಡುಗಟ್ಟುತ್ತದೆ. ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕುಳಿತಿರುವುದರಿಂದ ಊರಿನ ಹೊಗೆ, ಬಿಸಿಲೇರುವವರೆಗೂ ಮೇಲೇಳುವುದಿಲ್ಲ.