ಐಡಲ್‌ವೈಲ್ಡ್‌ನಲ್ಲಿ ಎರಡು ದಿನ: ಕಪ್ಪುವರ್ಣೀಯ ಗೆಳೆಯರ ಜತೆ ಹೊರಡುವ ಮುನ್ನ

ಡೆಟ್ರಾಯಿಟ್, ಶಿಕಾಗೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಬೇಸಿಗೆಯ ಶನಿವಾರ ಬಂತೆಂದರೆ ಕಾರು, ಬುತ್ತಿ, ಒಂದು ಕೆರೆದಂಡೆ ಸಿಕ್ಕರೆ ಸಾಕು. ಜತೆಗೆ ಬರುವ ಸಹೋದ್ಯೋಗಿಯೋ ಅಳಿಯನೋ ಕಪ್ಪುವರ್ಣೀಯರಾಗಿದ್ದರೆ ಅವರು ಮೊದಲು ಕೇಳುವುದು, ‘ಕತ್ತಲಾಗುವ ಮುಂಚೆ ತಲುಪುತ್ತೇವಾ?’ ಎಂದು.

ಸೂರ್ಯ ಮುಳುಗುವುದರೊಳಗೆ ಕಪ್ಪು ಜನ ಊರು ಬಿಡಬೇಕು ಎಂದು ಕಟ್ಟಳೆ ಮಾಡಿಕೊಂಡಿದ್ದ ಊರುಗಳು ಅಮೆರಿಕದಲ್ಲಿ ಬಹಳ ಇದ್ದವು. ‘ಸನ್‌ಡೌನ್ ಟೌನ್’ ಎಂದೇ ಅವಕ್ಕೆ ಹೆಸರು. ಉಣ್ಣಲು, ಮಲಗಲು, ಪೆಟ್ರೋಲ್ ಹಾಕಿಸಲು ಎಲ್ಲಿ ನಿಲ್ಲಬಹುದು ಎಂದು ತಿಳಿಸಲಿಕ್ಕೇ ಹಾರ್ಲೆಮ್‌ನ ಅಂಚೆಯಣ್ಣ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ‘ಗ್ರೀನ್ ಬುಕ್’ ಹೊರತಂದರು. ಸುಮಾರು ಮೂರು ದಶಕ ಅದು ನಡೆಯಿತು. ಆ ಎಚ್ಚರ ಇವತ್ತಿಗೂ ಕಪ್ಪು ಜನರ ಮನೆಗಳಲ್ಲಿದೆ. 2017ರಲ್ಲಿ ಮಿಸೌರಿ ರಾಜ್ಯಕ್ಕೆ ಹೋಗುವವರು ಜಾಗ್ರತೆಯಿಂದಿರಿ ಎಂದು ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆ ಸೂಚನೆ ಹೊರಡಿಸಿತ್ತು. ಹಾಗಾಗಿ ‘ಸುಮ್ಮನೆ ಹೆದರುತ್ತೀರಿ’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ.

ಮೊದಲ ಪ್ರವಾಸಕ್ಕೆ ನನ್ನ ಆಯ್ಕೆ ಮಿಷಿಗನ್‌ನ ಐಡಲ್‌ವೈಲ್ಡ್. ಬೇರೆಡೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1912ರಿಂದ, ಕಪ್ಪು ಕುಟುಂಬಗಳು ರಜೆ ಕಳೆಯಲು ಬರುತ್ತಿದ್ದ ಕೆರೆಯ ಊರು ಇದು. 1893ರಲ್ಲೇ ಹೃದಯದ ಶಸ್ತ್ರಚಿಕಿತ್ಸೆ ಮಾಡಿದ ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ ಇಲ್ಲಿ ಜಮೀನು ಕೊಂಡು ಮನೆ ಮಾಡಿದರು, 1931ರಲ್ಲಿ ಇಲ್ಲಿಯೇ ತೀರಿಕೊಂಡರು. ಕಪ್ಪುವರ್ಣೀಯ ಚಿಂತಕ ಡು ಬೋಯಿಸ್ ಅವರಿಗೂ ಇಲ್ಲೊಂದು ನಿವೇಶನವಿತ್ತು. ಲೂಯಿ ಆರ್ಮ್‌ಸ್ಟ್ರಾಂಗ್, ಅರೀತಾ ಫ್ರಾಂಕ್ಲಿನ್ ಹಾಡಿದ ಊರು. ನಿಮ್ಮ ಗೆಳೆಯರು ಇಲ್ಲಿ ತಮ್ಮ ಹಿರಿಯರ ಊರಿಗೆ ಬಂದಂತೆ ಕಾಲಿಡಬಹುದು.

ದಾರಿ ಹೀಗಿದೆ. ಶಿಕಾಗೊದಿಂದಾದರೆ ಗ್ರ್ಯಾಂಡ್ ರ‍್ಯಾಪಿಡ್ಸ್ ದಾಟಿ ಯುಎಸ್ 131ರಲ್ಲಿ ಉತ್ತರಕ್ಕೆ ಹೋಗಿ, ರೀಡ್ ಸಿಟಿಯಲ್ಲಿ ಯುಎಸ್ 10 ಹಿಡಿದು ಪಶ್ಚಿಮಕ್ಕೆ ತಿರುಗಿ. ಡೆಟ್ರಾಯಿಟ್‌ನವರು ಮಿಡ್‌ಲ್ಯಾಂಡ್, ಕ್ಲೇರ್ ಮೂಲಕವೂ ಬರಬಹುದು. ಎರಡೂ ಕಡೆಯಿಂದ ನಾಲ್ಕು ಗಂಟೆ ಇಟ್ಟುಕೊಂಡು ಬೆಳಗ್ಗೆಯೇ ಹೊರಡಿ. ದೊಡ್ಡ ಊರಿನಲ್ಲೇ ಟ್ಯಾಂಕ್ ತುಂಬಿಸಿ. ಸುತ್ತ ಮ್ಯಾನಿಸ್ಟೀ ಕಾಡು, ಸಿಗ್ನಲ್ ಕೈಕೊಡಬಹುದು. ಆ ಭಾಗದ ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಎಲ್ಲಿದ್ದೀರಿ ಎಂದು ಮನೆಯವರಿಗೆ ತೋರಿಸುವ ಲೊಕೇಶನ್ ಆನ್ ಇರಲಿ.

ವಸತಿ ಗೊತ್ತುಮಾಡುವಾಗ ಒಂದು ವಿಷಯ ಗಮನದಲ್ಲಿರಲಿ. ಏರ್‌ಬಿಎನ್‌ಬಿ ಕುರಿತು ಹಾರ್ವರ್ಡ್ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಆಫ್ರಿಕನ್ ಅಮೆರಿಕನ್ನರದ್ದೆಂದು ಗುರುತಾಗುವ ಹೆಸರಿನ ಅತಿಥಿಗಳಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ 16ರಷ್ಟು ಕಡಿಮೆಯಿತ್ತು. ಮಾಲೀಕರ ಒಪ್ಪಿಗೆಗೆ ಕಾಯದೆ ಆಗಲೇ ಖಾತ್ರಿಯಾಗುವ ಮನೆಗಳನ್ನೇ ಆರಿಸಿ. ಕಪ್ಪು ಪ್ರವಾಸಿಗರು ಬರೆದ ಅನುಭವಗಳನ್ನು ಹುಡುಕಿ ಓದಿ. 1964ರ ನಾಗರಿಕ ಹಕ್ಕು ಕಾಯ್ದೆಯಂತೆ ಹೋಟೆಲ್‌ನವರು ಬಣ್ಣ ನೋಡಿ ಕೋಣೆ ನಿರಾಕರಿಸುವಂತಿಲ್ಲ. ಮಾಲೀಕರೇ ವಾಸಿಸುವ, ಬಾಡಿಗೆಗೆ ಐದಕ್ಕಿಂತ ಹೆಚ್ಚು ಕೋಣೆ ಇಲ್ಲದ ಮನೆಗಳನ್ನು ಮಾತ್ರ ಆ ಕಾಯ್ದೆ ಹೊರಗಿಟ್ಟಿದೆ.

ರಸ್ತೆಯ ವಿಷಯಕ್ಕೆ ಹೆಚ್ಚು ಗಮನ ಬೇಕು. ಪೊಲೀಸರು ಕಾರು ನಿಲ್ಲಿಸಲು ಒಂದು ಕೆಟ್ಟ ಬಲ್ಬು ಸಾಕು. ಹಿಂದಿನ ದೀಪ, ನಂಬರ್ ಪ್ಲೇಟ್ ದೀಪ ಉರಿಯುತ್ತಿವೆಯೇ ಎಂದು ಹಿಂದಿನ ದಿನವೇ ನೋಡಿ. ಲೈಸೆನ್ಸ್, ನೋಂದಣಿ, ವಿಮೆ ಕಾಗದಗಳು ಬ್ಯಾಗಿನ ತಳದಲ್ಲಿ ಬೇಡ, ಎದುರಿಗೇ ಇರಲಿ. ಡ್ಯಾಶ್‌ಕ್ಯಾಮ್ ಇದ್ದರೆ ಒಳ್ಳೆಯದು. ಕಾರು ನಿಲ್ಲಿಸಿದರೆ ಎಂಜಿನ್ ಆರಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ. ಓಡಿಸುವವರ ಕೈಗಳು ಸ್ಟಿಯರಿಂಗ್ ಮೇಲೆ, ಉಳಿದವರ ಕೈಗಳು ಕಾಣುವಂತೆ ಇರಲಿ. ಕಾಗದ ತೆಗೆಯುವ ಮುನ್ನ ‘ತೆಗೆಯುತ್ತಿದ್ದೇನೆ’ ಎಂದು ಹೇಳಿಯೇ ಕೈ ಹಾಕಬೇಕು. ಪಕ್ಕದಲ್ಲಿರುವ ನೀವು ದನಿ ಏರಿಸಿದರೆ ಅದರ ಪೆಟ್ಟು ಬೀಳುವುದು ನಿಮ್ಮ ಗೆಳೆಯರ ಮೇಲೆ. ಯಾರು ಓಡಿಸಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಅವರೇ ತೀರ್ಮಾನಿಸಲಿ. ದಾರಿಬದಿಯ ಹೋಟೆಲಿಗೆ ಕಾಲಿಟ್ಟಾಗ ಅವರು ‘ಬೇಡ, ನಡೀರಿ’ ಎಂದರೆ ಕಾರಣ ಕೇಳದೆ ಹೊರಡಿ. ವಿವರಿಸಬೇಕೆನಿಸಿದರೆ ಕಾರಿನಲ್ಲಿ ಅವರೇ ವಿವರಿಸುತ್ತಾರೆ.

ತಲುಪಿದ ಮೇಲೆ ಕೆರೆ, ಹಿಂದೆ ಸಂಗೀತ ನಡೆಯುತ್ತಿದ್ದ ಫ್ಲಮಿಂಗೊ ಕ್ಲಬ್ಬಿನ ಕಟ್ಟಡ, ಐಡಲ್‌ವೈಲ್ಡ್ ಇತಿಹಾಸ ಮತ್ತು ಸಂಸ್ಕೃತಿ ಕೇಂದ್ರ ನೋಡಿ. ಕೇಂದ್ರ ತೆರೆದಿರುವ ದಿನ, ಸಮಯವನ್ನು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಪಕ್ಕದ ಬಾಲ್ಡ್‌ವಿನ್ ಬಳಿ ಪಿಯರ್ ಮಾರ್ಕೆಟ್ ನದಿಯಲ್ಲಿ ದೋಣಿ ನಡೆಸಬಹುದು, ಟ್ರೌಟ್ ಮೀನು ಹಿಡಿಯಬಹುದು. ಹದಿನೇಳು ತುಂಬಿದವರಿಗೆಲ್ಲ ಮೀನುಗಾರಿಕೆಯ ಲೈಸೆನ್ಸ್ ಕಡ್ಡಾಯ.

1964ರ ಕಾಯ್ದೆ ಎಲ್ಲ ಊರುಗಳ ಬಾಗಿಲು ತೆರೆಸಿದ ಮೇಲೆ ಐಡಲ್‌ವೈಲ್ಡ್‌ಗೆ ಬರುವವರು ಕಡಿಮೆಯಾದರು, ಕ್ಲಬ್ಬುಗಳು ಒಂದೊಂದಾಗಿ ಮುಚ್ಚಿದವು. ಬುತ್ತಿ ಕಟ್ಟಿಕೊಂಡು ಹೋದರೂ ಒಂದು ಹೊತ್ತಿನ ಊಟವನ್ನಾದರೂ ಅಲ್ಲಿಯೇ ಮಾಡಿ, ಸಂಸ್ಕೃತಿ ಕೇಂದ್ರಕ್ಕೆ ಕೈಲಾದಷ್ಟು ಕೊಟ್ಟು ಬನ್ನಿ. ಭಾನುವಾರ ಮಧ್ಯಾಹ್ನದೊಳಗೆ ಹೊರಟರೆ ಬೆಳಕಿರುವಾಗಲೇ ಮನೆ ಸೇರಬಹುದು.