ಮೊದಲು ದರ ಕೇಳಿ

ಪತ್ರಿಕೋದ್ಯಮ ಓದುತ್ತಿರುವವರು, ಸಿನಿಮಾ ಹುಚ್ಚು ಹಿಡಿಸಿಕೊಂಡವರು, ರಾತ್ರಿಯೆಲ್ಲ ಕೂತು ವಿಡಿಯೊ ಎಡಿಟ್ ಮಾಡುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಈ ಫೀಲ್ಡಿಗೆ ಎಂಟ್ರಿ ಸಿಗೋದು ಹೇಗೆ ಅಕ್ಕಾ?’ ನಾನು ತಿರುಗಿ ಕೇಳುತ್ತೇನೆ, ‘ಬೆಂಗಳೂರಲ್ಲಿ ಪಿ.ಜಿ. ಬಾಡಿಗೆ ಯಾರು ಕಟ್ತಾರೆ?’ ಕಲೆಯ ಮಾತಾಡಲು ಬಂದವರ ಮುಖ ಸಪ್ಪಗಾಗುತ್ತದೆ. ಆದರೂ ಕೇಳದೆ ಇರಲಾರೆ. ನನ್ನ ಜೊತೆ ಓದಿದವರಲ್ಲಿ ನನಗಿಂತ ಚೆನ್ನಾಗಿ ಬರೆಯುತ್ತಿದ್ದವರು, ನನಗಿಂತ ಚುರುಕು ಕಿವಿ ಇದ್ದವರು ಈ ಕೆಲಸ ಬಿಟ್ಟು ಹೋದರು. ಮಾಡಿದ ಕೆಲಸದ ದುಡ್ಡು ಕೈಗೆ ಬರುವ ತನಕ ಕಾಯಲು ಅವರಿಂದ ಆಗಲಿಲ್ಲ. ಮನೆಯಿಂದ ತಿಂಗಳು ತಿಂಗಳು ಹಣ ಬರುತ್ತಿದ್ದವರು ಉಳಿದುಕೊಂಡರು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಆಕಾಶವಾಣಿಯ ಯುವವಾಣಿಯಲ್ಲಿ ಮಾತಾಡಿದ್ದಕ್ಕೆ ಬಂದದ್ದೇ ನನ್ನ ಮೊದಲ ಸಂಭಾವನೆ. ಮೊತ್ತ ಚಿಕ್ಕದು. ಆದರೆ ಮೈಕಿನ ಮುಂದೆ ಕೂರುವ ಮೊದಲೇ ಕರಾರುಪತ್ರ ಕೈಸೇರಿತ್ತು. ವಿಷಯ ಏನು, ಎಷ್ಟು ನಿಮಿಷ, ಯಾವತ್ತು ಪ್ರಸಾರ, ಎಷ್ಟು ಹಣ ಎಲ್ಲವೂ ಅದರಲ್ಲಿತ್ತು. ಓದಿ ಸಹಿ ಹಾಕಿದೆ. ಕೆಲಸ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಬೆಂಗಳೂರಿಗೆ ಬಂದ ಮೇಲೆ ಅಂಥ ಕಾಗದವನ್ನು ತಾವಾಗಿಯೇ ಕೊಟ್ಟವರು ಬಹಳ ಕಡಿಮೆ.

ಬೆಂಗಳೂರಿನಲ್ಲಿ ನಾನು ಹಿಡಿದದ್ದು ಡಬ್ಬಿಂಗ್ ಕೆಲಸ. ಕನ್ನಡದಲ್ಲಿ ಡಬ್ಬಿಂಗ್ ಮೇಲೆ ದಶಕಗಳ ಕಾಲ ಅಘೋಷಿತ ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಅದರ ಸರಿ ತಪ್ಪಿನ ಚರ್ಚೆಗೆ ಈ ಅಂಕಣ ಜಾಗವಲ್ಲ. ಸಂಭಾಷಣೆ ಬರೆಯುವವರಿಗೆ, ದನಿ ಕೊಡುವವರಿಗೆ ಮಾತ್ರ ಹೊಸ ಕೆಲಸ ಹುಟ್ಟಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು, ಹಿಂದಿಯ ಮಹಾಭಾರತ ಕನ್ನಡ ಮಾತಾಡುತ್ತಾ ಮನೆಮನೆಗೆ ಬಂದದ್ದು ನಿಮಗೆ ನೆನಪಿರಬಹುದು. ನಾನು ಸೇರಿದ್ದೂ ಡಬ್ಬಿಂಗ್ ಸಂಭಾಷಣೆ ಬರೆಯುವವರ ಇದೇ ಸಾಲಿಗೆ.

ಈ ಕೆಲಸದಲ್ಲಿ ಅರ್ಥ ಸರಿಯಿದ್ದರೆ ಸಾಲದು. ಪಾತ್ರದ ತುಟಿ ಮುಚ್ಚುವ ಕಡೆ ಪ, ಬ, ಮ ಬರಬೇಕು. ಬಾಯಿ ಅಗಲವಾಗಿ ತೆರೆದ ಕಡೆ ಆಕಾರ ಬೀಳಬೇಕು. ಮಾತು ಮುಗಿದಾಗ ಬಾಯಿಯೂ ಮುಚ್ಚಿರಬೇಕು. ಒಂದೇ ದೃಶ್ಯವನ್ನು ಹಿಂದೆ ಮುಂದೆ ಓಡಿಸಿ, ಗಟ್ಟಿಯಾಗಿ ಹೇಳಿ ನೋಡಿ, ಮತ್ತೆ ಹೊಡೆದು ಹಾಕಿ ಬರೆಯಬೇಕು. ತೆರೆಯ ಮೇಲೆ ಇಪ್ಪತ್ತು ಚಿಲ್ಲರೆ ನಿಮಿಷದ ಎಪಿಸೋಡು ಇಡೀ ದಿನವನ್ನು ತಿನ್ನುತ್ತದೆ. ರೆಕಾರ್ಡಿಂಗ್ ದಿನ ಕಲಾವಿದರ ಬಾಯಿಗೆ ಒಗ್ಗದ ಸಾಲುಗಳನ್ನು ಅಲ್ಲೇ ನಿಂತು ತಿದ್ದಿಕೊಡುವುದು ಬೇರೆ. ‘ಎಪಿಸೋಡಿಗೆ ಇಷ್ಟು’ ಎಂದಾಗ ಆ ಹಣವನ್ನು ನಿಜವಾಗಿ ಹಿಡಿಯುವ ಗಂಟೆಗಳಿಂದ ಭಾಗಿಸಿ ನೋಡಿ. ದೊಡ್ಡದಾಗಿ ಕಂಡ ದರ ಎಷ್ಟು ಕುಗ್ಗುತ್ತದೆ ಎಂದು ಗೊತ್ತಾಗುತ್ತದೆ. ತಿದ್ದುಪಡಿ ಎಷ್ಟು ಸಲ ಉಚಿತ, ಅದರ ಮೇಲೆ ಎಷ್ಟು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು.

ನಾನು ಬರೆದುಕೊಟ್ಟ ಒಂದು ಸ್ಟುಡಿಯೊದವರು ಬಿಲ್ಲನ್ನು ತಿಂಗಳುಗಟ್ಟಲೆ ಹಿಡಿದಿಟ್ಟರು. ಹೋದಾಗಲೆಲ್ಲ ಕೂರಿಸಿ ಕಾಫಿ ಕೊಡುತ್ತಿದ್ದರು. ‘ಚಾನೆಲ್ಲಿಂದ ನಮಗೇ ಬಂದಿಲ್ಲ ಮೇಡಂ, ಬಂದ ತಕ್ಷಣ ಹಾಕ್ತೀವಿ’ ಎನ್ನುತ್ತಿದ್ದರು. ಎಪಿಸೋಡುಗಳು ಅಷ್ಟರಲ್ಲಿ ಪ್ರಸಾರವಾಗಿ ಮರುಪ್ರಸಾರವೂ ಆಗಿದ್ದವು. ಪರಿಚಯದ ಲೆಕ್ಕಪರಿಶೋಧಕರೊಬ್ಬರ ಮಾತು ಕೇಳಿ ನಾನು ಅಲ್ಲಿಗೆ ಬರೆಯಲು ಒಪ್ಪುವ ಮೊದಲೇ ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಮಾಡಿಸಿದ್ದೆ. ಅದು ಕೈ ಹಿಡಿಯಿತು. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ನಾವೇ ಮಾಡಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲ. ಒಬ್ಬರೇ ಕೂತು ಸೇವೆ ಕೊಡುವವರೂ ಸೂಕ್ಷ್ಮ ಉದ್ಯಮವೇ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಲಿಖಿತ ಒಪ್ಪಂದ ಇದ್ದರೂ ಕೆಲಸ ಒಪ್ಪಿಸಿಕೊಂಡವರು 45 ದಿನದೊಳಗೆ ಹಣ ಕೊಡಲೇಬೇಕು. ಒಪ್ಪಂದ ಇಲ್ಲದಿದ್ದರೆ ಗಡುವು 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರಿ ಪೋರ್ಟಲಿನಲ್ಲಿ ದೂರು ಕೊಡಬಹುದು. 2023–24ರಿಂದ ಇನ್ನೊಂದು ಬಿಗಿ ಸೇರಿದೆ: ಗಡುವಿನೊಳಗೆ ಕೊಡದ ಹಣವನ್ನು ಆ ಕಂಪನಿ ತಾನು ನಿಜವಾಗಿ ಪಾವತಿಸಿದ ವರ್ಷದವರೆಗೆ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ.

ಈ ಕಾಯ್ದೆಯನ್ನು ಹೆಸರಿಸಿ, ನೋಂದಣಿ ಸಂಖ್ಯೆ ಹಾಕಿ, ಬಿಲ್ಲಿನ ಪ್ರತಿ ಲಗತ್ತಿಸಿ ಸೌಮ್ಯವಾಗಿಯೇ ಒಂದು ಇಮೇಲ್ ಬರೆದೆ. ಬಡ್ಡಿ ಕೊಡಲಿಲ್ಲ, ಅಸಲು ಪೂರ್ತಿ ಬಂತು. ‘ಹಾಗೆಲ್ಲ ಬರೆದರೆ ಮುಂದೆ ಕೆಲಸ ಕೊಡಲ್ಲ’ ಎಂದು ಗೆಳೆಯರು ಹೆದರಿಸಿದ್ದರು. ಅದು ಸುಳ್ಳು ಹೆದರಿಕೆಯಲ್ಲ, ಆ ಸ್ಟುಡಿಯೊ ಮತ್ತೆ ಕರೆಯಲಿಲ್ಲ. ಹಣ ಕೊಡದವರ ಕೆಲಸ ಕೈತಪ್ಪಿದ್ದು ನಷ್ಟ ಎಂದು ನನಗೆ ಅನಿಸಿಲ್ಲ.

ಬಿಲ್ ಬರೆಯಲು ದೊಡ್ಡ ವಿದ್ಯೆ ಬೇಡ. ನಿಮ್ಮ ಹೆಸರು, ಪ್ಯಾನ್, ಬ್ಯಾಂಕ್ ವಿವರ, ಕೆಲಸದ ಹೆಸರು, ಒಪ್ಪಿಸಿದ ದಿನ, ಮೊತ್ತ, ಯಾವತ್ತಿನೊಳಗೆ ಕೊಡಬೇಕು, ಇಷ್ಟಿದ್ದರೆ ಆಯಿತು. ಜಿಎಸ್‌ಟಿ ನಂಬರ್ ಇಲ್ಲವಲ್ಲ ಎಂದು ಯಾರಾದರೂ ರಾಗ ಎಳೆದರೆ, ಸೇವೆ ಕೊಡುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಅದು ಬೇಡ ಎಂದು ಹೇಳಿ.

8,000 ರೂಪಾಯಿ ಬಿಲ್ಲಿಗೆ 7,200 ಬಂದರೆ ಗಾಬರಿಯಾಗಬೇಡಿ. ಆ 800 ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿದ ಆದಾಯ ತೆರಿಗೆ. ಒಂದೇ ಸಂಸ್ಥೆಯಿಂದ ವರ್ಷದಲ್ಲಿ ಬರುವ ವೃತ್ತಿ ಸಂಭಾವನೆ ಒಂದು ಮಿತಿ ದಾಟಿದರೆ ಶೇ 10ರಷ್ಟು ಹಿಡಿಯುತ್ತಾರೆ. ಆ ಮಿತಿ ಮೊದಲು 30,000 ಇತ್ತು, 2025ರ ಏಪ್ರಿಲ್‌ನಿಂದ 50,000. ಪ್ಯಾನ್ ಕೊಡದಿದ್ದರೆ ಶೇ 20 ಹೋಗುತ್ತದೆ. ಹಿಡಿದ ಹಣ ನಿಮ್ಮ ಪ್ಯಾನ್ ಹೆಸರಿಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ನೋಡಿಕೊಳ್ಳಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ, ಹಾಗಾಗಿ ವಿದ್ಯಾರ್ಥಿಯೊಬ್ಬರ ಟಿಡಿಎಸ್ ಪೂರ್ತಿ ವಾಪಸ್ ಬರಬೇಕಾದ ಹಣ. ರಿಟರ್ನ್ ಸಲ್ಲಿಸಿದರೆ ಮಾತ್ರ ಬರುತ್ತದೆ. ‘ನಂದೇನು ಮಹಾ ಆದಾಯ’ ಎಂದು ರಿಟರ್ನ್ ಹಾಕದೆ ಆ ದುಡ್ಡನ್ನು ಬಿಟ್ಟುಕೊಟ್ಟವರು ನನಗೇ ಗೊತ್ತು.

ದುಡ್ಡಿಗಿಂತ ಹೆಚ್ಚು ಕಾಲ ಬಾಳುವುದು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳಕ್ಕಿರದೆ ಸ್ವತಂತ್ರವಾಗಿ ಬರೆದ ಕಥೆ, ಸಂಭಾಷಣೆ, ಹಾಡಿನ ಮೊದಲ ಒಡೆತನ ಬರೆದವರದು. ಅದನ್ನು ಬೇರೆಯವರಿಗೆ ಕೊಡಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಎಣಿಸುತ್ತದೆ. ಅದಕ್ಕೇ ಈಗಿನ ಒಪ್ಪಂದಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಮಾತು ಸಲೀಸಾಗಿ ಬಂದು ಕೂತಿರುತ್ತದೆ. ಆ ಸಾಲು ಕಂಡರೆ ದರ ಹೆಚ್ಚಿಸಿ ಕೇಳಿ. 2012ರ ತಿದ್ದುಪಡಿಯ ನಂತರ ಹಾಡು ಬರೆದವರ, ಸಂಗೀತ ಕೊಟ್ಟವರ ರಾಯಧನದ ಪಾಲನ್ನು ಒಪ್ಪಂದದಲ್ಲೇ ಕಿತ್ತುಕೊಳ್ಳಲು ಬರುವುದಿಲ್ಲ ಎಂಬುದನ್ನು ಹಾಡು ಬರೆಯುವ ಮಕ್ಕಳು ತಿಳಿದಿರಲಿ.

ಬಿಟ್ಟಿ ಕೆಲಸದ ಬಗ್ಗೆ ನನ್ನ ನಿಲುವು ಸರಳ. ಗೆಳೆಯರ ಕಿರುಚಿತ್ರ, ಕಾಲೇಜು ಪತ್ರಿಕೆ, ಹವ್ಯಾಸಿ ತಂಡದ ನಾಟಕ, ಇಂಥಲ್ಲಿ ಯಾರಿಗೂ ಕಾಸು ಇರುವುದಿಲ್ಲ. ಧಾರಾಳವಾಗಿ ಮಾಡಿ, ಕೈ ಪಳಗುವುದೇ ಅಲ್ಲಿ. ಕೆಲಸ ಮಾಡಿಸಿಕೊಂಡವರು ಅದರಿಂದ ದುಡಿಯುತ್ತಿದ್ದರೆ ನಿಮಗೂ ಪಾಲು ಬೇಕು. ‘ಹೆಸರು ಹಾಕ್ತೀವಿ’ ಎಂಬುದು ಸಂಭಾವನೆಯಲ್ಲ, ಹೆಸರು ಹಾಕುವುದು ಅವರ ಕರ್ತವ್ಯ. ಇನ್ನು ಕಂತಿನ ಮೇಲೆ ಕ್ಯಾಮೆರಾ ಕೊಳ್ಳುವ ಆತುರ ಬೇಡ. ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ವಿಡಿಯೊ ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಧ್ವನಿಗೆ ಆಡಾಸಿಟಿ ಕಲಿಯುವವರಿಗೆ ಧಾರಾಳ ಸಾಕು. ಕ್ಯಾಮೆರಾಕ್ಕೆಂದು ಕೂಡಿಟ್ಟ ಹಣವಿದ್ದರೆ ಮೂರ್ನಾಲ್ಕು ತಿಂಗಳ ಬಾಡಿಗೆ, ಊಟದ ಖರ್ಚಿಗೆ ಬೇರೆ ಖಾತೆಯಲ್ಲಿಡಿ. ಬಿಲ್ ತಡವಾದಾಗ ಕೆಟ್ಟ ದರಕ್ಕೆ ತಲೆಯಾಡಿಸದಂತೆ ನಿಮ್ಮನ್ನು ತಡೆಯುವುದು ಆ ಹಣ.

ಈ ಅಂಕಣ ಓದುವವರಲ್ಲಿ ಸ್ಟುಡಿಯೊ, ಪತ್ರಿಕೆ, ಚಾನೆಲ್ ನಡೆಸುವವರೂ ಇದ್ದೀರಿ. ನಿಮ್ಮ ಲೆಕ್ಕ ವಿಭಾಗದ ಬಾಕಿ ಪಟ್ಟಿಯನ್ನು ಒಮ್ಮೆ ತರಿಸಿ ನೋಡಿ. ಅದರಲ್ಲಿ ವಿದ್ಯಾರ್ಥಿಗಳ, ಹೊಸಬರ ಬಿಲ್ಲುಗಳಿದ್ದರೆ ದಯವಿಟ್ಟು ಈ ವಾರವೇ ಪಾಸ್ ಮಾಡಿಸಿ.