ತಡೆಯುವ ನರಕೋಶಗಳೂ ಮರೆವಿನ ರೋಗವೂ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆಯ ಹಳ್ಳಿಗಳಲ್ಲಿ, ಉಂಡುದನ್ನು ಮರೆತು ಮತ್ತೆ ಊಟ ಕೇಳುವ ಮುದುಕರನ್ನು ಕಂಡಾಗ ಜನರು ಈ ಗಾದೆಯನ್ನಾಡಿ ಸುಮ್ಮನಾಗುವುದುಂಟು. ಆದರೆ ಮುಪ್ಪಿನ ಸಹಜವಾದ ಮರೆವು ಬೇರೆ, ರೋಗದಿಂದುಂಟಾಗುವ ಮರೆವು ಬೇರೆ. ಕನ್ನಡಕವನ್ನಿಟ್ಟ ಜಾಗ ಮರೆತುಹೋಗುವುದು ಮೊದಲನೆಯ ಬಗೆಯದು. ಹುಟ್ಟಿ ಬೆಳೆದ ಊರಿನಲ್ಲಿಯೇ ಮನೆಯ ದಾರಿ ತಪ್ಪುವುದು ಎರಡನೆಯ ಬಗೆಯದು. ಈ ಎರಡನೆಯದಕ್ಕೆ ಮುಖ್ಯ ಕಾರಣ ಆಲ್ಜೈಮರ್ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರನು 1906ರಲ್ಲಿ ಇದನ್ನು ಮೊದಲು ವರ್ಣಿಸಿದನು. ತೀರಿಕೊಂಡ ರೋಗಿಯೊಬ್ಬಳ ಮೆದುಳಿನಲ್ಲಿ ಆತನು ಕಂಡ ಗಂಟುಗಳನ್ನೂ ಮಚ್ಚೆಗಳನ್ನೂ ಇಂದಿಗೂ ಈ ರೋಗದ ಗುರುತುಗಳೆಂದೇ ಎಣಿಸುತ್ತಾರೆ. ಮಚ್ಚೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು. ಗಂಟುಗಳು ಟೌ ಎಂಬ ಪ್ರೋಟೀನಿನವು.

ಎತ್ತು ಮತ್ತು ಮೂಗುದಾಣಿ

ಮೆದುಳಿನಲ್ಲಿ ನರಕೋಶಗಳು ಮುಖ್ಯವಾಗಿ ಎರಡು ತೆರನಾಗಿವೆ. ಉದ್ದೀಪಕ ಕೋಶಗಳು ತಮ್ಮ ನೆರೆಯ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತವೆ. ನಿರೋಧಕ ಕೋಶಗಳು ಅವನ್ನು ತಡೆಯುತ್ತವೆ. ಮೆದುಳಿನ ಹೊರಪದರದಲ್ಲಿ ನಿರೋಧಕ ಕೋಶಗಳು ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲಿವೆ. ಅವು ಗ್ಯಾಬಾ ಎಂಬ ರಾಸಾಯನಿಕವನ್ನು ಸ್ರವಿಸಿ ತಡೆಯೊಡ್ಡುತ್ತವೆ. ಗ್ಯಾಬಾ ಮೆದುಳಿನಲ್ಲಿರುವುದು 1950ರಲ್ಲಿ ತಿಳಿದುಬಂದಿತು. ಚಕ್ಕಡಿ ಸಾಗಲು ಎತ್ತು ಬೇಕು, ನಿಜ. ಆದರೆ ಮೂಗುದಾಣಿಯಿಲ್ಲದ ಎತ್ತು ಚಕ್ಕಡಿಯನ್ನು ಹಳ್ಳಕ್ಕೆ ಕೆಡವೀತು. ತಡೆ ತೀರ ಕುಗ್ಗಿದ ಮೆದುಳಿನಲ್ಲಿ ಅಪಸ್ಮಾರದ ಸೆಳೆತಗಳು ಕಾಣಿಸಿಕೊಳ್ಳುತ್ತವೆ. ಆಲ್ಜೈಮರ್ ರೋಗಿಗಳಲ್ಲಿ ಇಂತಹ ಸೆಳೆತಗಳ ಸಂಭವ ಹೆಚ್ಚೆಂಬುದು ಇಲ್ಲಿ ಗಮನಾರ್ಹವಾಗಿದೆ.

ತಡೆಯಿಂದ ಹುಟ್ಟುವ ಲಯ

ತಡೆಯು ಕೇವಲ ಅಂಕುಶವಲ್ಲ, ಅದು ತಾಳವನ್ನೂ ಕೊಡುತ್ತದೆ. ಉದ್ದೀಪಕ ಕೋಶಗಳು ಚುರುಕಾದೊಡನೆ ನಿರೋಧಕ ಕೋಶಗಳೂ ಎಚ್ಚತ್ತು, ಎಲ್ಲವನ್ನೂ ಕೆಲವು ಮಿಲಿಸೆಕೆಂಡುಗಳ ಕಾಲ ಸುಮ್ಮನಾಗಿಸುತ್ತವೆ. ಆ ತಡೆ ಸಡಿಲಿದಾಗ ಕೋಶಗಳು ಮತ್ತೆ ಒಟ್ಟಾಗಿ ಮಿಡಿಯುತ್ತವೆ. ಹೀಗೆ ಸೆಕೆಂಡಿಗೆ ಸುಮಾರು 30ರಿಂದ 80 ಸಲ ಏರಿಳಿಯುವ ಗಾಮಾ ಲಯ ಹುಟ್ಟುತ್ತದೆ. ಸೆಕೆಂಡಿಗೆ 40 ಸಲವೆಂದರೆ ಒಂದೊಂದು ಆವರ್ತಕ್ಕೆ 25 ಮಿಲಿಸೆಕೆಂಡು. ತಲೆಯ ಚರ್ಮದ ಮೇಲೆ ಈ ಲಯದ ವಿದ್ಯುದ್ವಿಭವವು ಮೈಕ್ರೋವೋಲ್ಟುಗಳ ಮಟ್ಟದಲ್ಲಿದೆ. ಟಾರ್ಚಿನ ಶುಷ್ಕಕೋಶದ ಒಂದೂವರೆ ವೋಲ್ಟಿನ ಮುಂದೆ ಇದು ಎಷ್ಟು ಅಲ್ಪವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು.

ಇಲಿಗಳಲ್ಲಿ ಕಂಡುದು

ಆಲ್ಜೈಮರ್ ರೋಗದ ಲಕ್ಷಣಗಳು ಮೂಡುವಂತೆ ವಂಶವಾಹಿಗಳನ್ನು ಮಾರ್ಪಡಿಸಿದ ಇಲಿಗಳಲ್ಲಿ, ಒಂದು ಬಗೆಯ ನಿರೋಧಕ ಕೋಶಗಳ ಸೋಡಿಯಂ ಮಾರ್ಗಗಳು ಕಡಮೆಯಾಗಿರುವುದೂ, ಅವನ್ನು ಮರಳಿ ತುಂಬಿದಾಗ ಗಾಮಾ ಲಯ ಮತ್ತು ಸ್ಮರಣೆ ಸುಧಾರಿಸಿದುದೂ 2012ರಲ್ಲಿ ವರದಿಯಾದವು. 2016ರಲ್ಲಿ ಅಮೆರಿಕದ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಲಿ-ಹುಯೈ ತ್ಸಾಯ್ ಅವರ ತಂಡವು, ಇಂತಹ ಇಲಿಗಳ ಹಿಪ್ಪೊಕ್ಯಾಂಪಸ್ ಎಂಬ ಸ್ಮರಣೆಯ ಭಾಗದಲ್ಲಿನ ಈ ಕೋಶಗಳನ್ನು ಸೆಕೆಂಡಿಗೆ 40ರಂತೆ ಒಂದು ಗಂಟೆ ಪ್ರಚೋದಿಸಿತು. ಅಲ್ಲಿನ ಅಮಿಲಾಯ್ಡ್ ಅರ್ಧದ ಆಸುಪಾಸಿಗೆ ಇಳಿಯಿತು. ಸೆಕೆಂಡಿಗೆ 40 ಸಲ ಮಿನುಗುವ ದೀಪವನ್ನು ತೋರಿಸಿದಾಗ ಮೆದುಳಿನ ದೃಷ್ಟಿಭಾಗದಲ್ಲಿಯೂ ಹಾಗೆಯೇ ಇಳಿತ ಕಂಡಿತು. ಆದರೆ ವಿಜ್ಞಾನದಲ್ಲಿ ಒಂದು ಸಲ ಕಂಡುದು ಸಾಲದು. ಬೇರೆಯವರೂ ಅದನ್ನು ಕಾಣಬೇಕು. 2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬುಜಾಕಿ ಮತ್ತು ಸಂಗಡಿಗರು ಮಿನುಗುವ ದೀಪದಿಂದ ಇಲಿಗಳ ಅಮಿಲಾಯ್ಡ್ ಕಡಮೆಯಾಗಲಿಲ್ಲವೆಂದು ಪ್ರಕಟಿಸಿದರು.

ಬೆಂಗಳೂರಿನ ಪರೀಕ್ಷೆ

ಮನುಷ್ಯರ ಮಾತೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಮತ್ತು ಸಹೋದ್ಯೋಗಿಗಳು 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ 49 ವರ್ಷ ಮೀರಿದ 244 ಜನರಿಗೆ ಪಟ್ಟೆಪಟ್ಟೆಯ ಚಿತ್ರಗಳನ್ನು ತೋರಿಸಿ ಅವರ ಮೆದುಳಿನ ವಿದ್ಯುತ್ತನ್ನು ಅಳೆದಿದ್ದರು. ಇವರಲ್ಲಿ 12 ಮಂದಿಗೆ ಬುದ್ಧಿಶಕ್ತಿಯ ಅಲ್ಪ ಕುಂದು, 5 ಮಂದಿಗೆ ಆಲ್ಜೈಮರ್ ರೋಗ ಇದ್ದಿತು. ಚಿತ್ರವನ್ನು ನೋಡಿದಾಗ ತಾನಾಗಿ ಏಳುವ ಗಾಮಾ ಲಯವು, ಸಮವಯಸ್ಕರಾದ ಆರೋಗ್ಯವಂತರಲ್ಲಿರುವುದಕ್ಕಿಂತ ಈ 17 ಮಂದಿಯಲ್ಲಿ ಕ್ಷೀಣವಾಗಿತ್ತು. ಆದರೆ ಮಿನುಗುವ ಚಿತ್ರದ ವೇಗಕ್ಕೆ ಸರಿಯಾಗಿ ಏಳುವ ಲಯದಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ.

ಭೌತಶಾಸ್ತ್ರ ಓದುವವರಿಗೆ ಇದರ ಮರ್ಮ ಬೇಗ ತಿಳಿದೀತು. ತನ್ನಷ್ಟಕ್ಕೆ ತೂಗುವ ಜೋಕಾಲಿಯದು ಸ್ವಾಭಾವಿಕ ಕಂಪನ. ನಾವು ಕೈಯಲ್ಲಿ ಹಿಡಿದು ನಮಗೆ ಬೇಕಾದ ವೇಗದಲ್ಲಿ ತೂಗಿಸಿದರೆ ಅದು ಬಲಾತ್ಕೃತ ಕಂಪನ. ದೀಪ ಮೂಡಿಸುವ ಲಯ ಎರಡನೆಯ ಜಾತಿಯದು. ನಿರೋಧಕ ಕೋಶಗಳು ಕಟ್ಟುವ ಲಯ ಮೊದಲನೆಯದು. ಹೊರಗಿನಿಂದ ಹೇರಿದ ಲಯವು ಒಳಗೆ ಕುಂದಿದ ಲಯದ ಕೆಲಸವನ್ನು ಮಾಡಬಲ್ಲುದೇ? ಚಿಕಿತ್ಸೆಯ ಭವಿಷ್ಯವೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ. ರೋಗಿಗಳು ಕೇವಲ 17 ಮಂದಿಯಾದುದರಿಂದ ಬೆಂಗಳೂರಿನ ಫಲಿತಾಂಶವೂ ಇನ್ನೂ ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆಗೊಳ್ಳಬೇಕು.

ಆದುದರಿಂದ ಮಿನುಗುವ ದೀಪವನ್ನು ಮನೆಯ ಹಿರಿಯರ ಮುಂದಿಟ್ಟು ಯಾರೂ ಪ್ರಯೋಗ ಮಾಡಬಾರದು. ಕೆಲವರಲ್ಲಿ ಅಂತಹ ಬೆಳಕೇ ಅಪಸ್ಮಾರವನ್ನು ಕೆರಳಿಸುತ್ತದೆ. ಅಜ್ಜನಿಗೋ ಅಜ್ಜಿಗೋ ದಾರಿ ತಪ್ಪುವಷ್ಟು ಮರೆವು ಬಂದರೆ ಮೊದಲು ವೈದ್ಯರಿಗೆ ತೋರಿಸುವುದು ಲೇಸು. ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೋ ಬಿ-12 ಜೀವಸತ್ತ್ವದ ಅಭಾವದಿಂದಲೋ ಬಂದ ಮರೆವಾದರೆ ಅದಕ್ಕೆ ಇಂದೇ ಮದ್ದಿದೆ. ಗಾದೆಯನ್ನು ನಂಬಿ ಕುಳಿತವರಿಗೆ ಆ ಮದ್ದೂ ತಪ್ಪಿಹೋಗುತ್ತದೆ.